ಹನ್ನೆರಡು ನಿಮಿಷ, ಹನ್ನೊಂದು ದಿನ



ನಮ್ಮ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ ದಿನಬೆಳಗಾದರೆ ಕಿವಿಗೆ ಬೀಳುವ ಒಂದು ಪದವಿದೆ: ಸ್ಯಾಂಕ್ಷನ್. ಮನೆ ಸಾಲ ಸ್ಯಾಂಕ್ಷನ್ ಆಯಿತು, ರಜೆ ಸ್ಯಾಂಕ್ಷನ್ ಆಯಿತು, ಅಮ್ಮನ ಪಿಂಚಣಿ ಸ್ಯಾಂಕ್ಷನ್ ಆಯಿತು ಎಂದರೆ ನಮಗೆಲ್ಲ ಸಿಹಿ ಸುದ್ದಿ. ಕಾರ್ಮಿಕ ಇಲಾಖೆಯಲ್ಲಿ ಮೂವತ್ತು ವರ್ಷ ಕಡತ ತಿರುವಿದ ನನಗೂ ಆ ಪದಕ್ಕೆ ಬೇರೆ ಅರ್ಥ ಇರಬಹುದೆಂದು ಹೊಳೆದಿರಲಿಲ್ಲ. ಅದು ಗೊತ್ತಾದದ್ದು 2025ರ ಜನವರಿಯಲ್ಲಿ, ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರಿನ ಚರ್ಚಿನ ಹಾಲಿನಲ್ಲಿ.

ಆ ಚಳಿಗಾಲ ಮಗಳ ಮನೆಯಲ್ಲಿದ್ದೆ. ಅವಳು ಶನಿವಾರ ಬೆಳಿಗ್ಗೆ ಆ ಹಾಲಿನಲ್ಲಿ, ಕಷ್ಟದಲ್ಲಿರುವವರಿಗೆ ದಿನಸಿ ಹಂಚುವ ಫುಡ್ ಬ್ಯಾಂಕಿನಲ್ಲಿ ಕೈಜೋಡಿಸಲು ಹೋಗುತ್ತಿದ್ದಳು, ಒಂದೆರಡು ಸಲ ನಾನೂ ಜೊತೆಗೆ ಹೋದೆ. ಡಬ್ಬಿಗಳ ಮೇಲಿನ ತಾರೀಖು ನೋಡಿ ಜೋಡಿಸಿಡುವುದು ನನಗೆ ಕೊಟ್ಟ ಕೆಲಸ. ಅಲ್ಲಿಗೆ ಸುಮ್ಮನೆ ಬಂದು ಕೈಚಾಚುವ ಹಾಗಿಲ್ಲ. ಡಾಕ್ಟರೋ, ಶಾಲೆಯೋ, ಸಲಹಾ ಕೇಂದ್ರವೋ ಒಂದು ಚೀಟಿ ಕೊಟ್ಟಿರಬೇಕು. ಚೀಟಿಗೆ ಮೂರು ದಿನದ ದಿನಸಿ. ಏನು ಕಷ್ಟ ಬಂತು ಎಂದು ಗುರುತು ಹಾಕಲು ಅದರಲ್ಲೇ ಒಂದು ಜಾಗವೂ ಇರುತ್ತದೆ.

ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಚೀಟಿ ಕೊಟ್ಟು ಕುಳಿತರು. ಗೋದಾಮಿನ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತಂತೆ. ಮೆಲ್ಲಗೆ ಒಂದೇ ಮಾತು ಹೇಳಿದರು: ನನಗೆ ಸ್ಯಾಂಕ್ಷನ್ ಆಗಿದೆ. ಏನೋ ಹಣ ಮಂಜೂರಾಗಿರಬೇಕು, ಬರುವವರೆಗೆ ಸಾಮಾನು ಕೇಳುತ್ತಿದ್ದಾರೆ ಎಂದು ನಾನು ತಿಳಿದೆ. ಮಗಳು ಪಕ್ಕಕ್ಕೆ ಕರೆದು ಹೇಳಿದಳು: ಅಪ್ಪ, ಇಲ್ಲಿ ಹಾಗೆಂದರೆ ಭತ್ಯೆ ಕಡಿತ. ಸರ್ಕಾರ ದಂಡ ಹಾಕಿದೆ.

ಯಾವ ತಪ್ಪಿಗೆ? ಜಾಬ್‌ಸೆಂಟರ್ ಎಂಬ ಸರ್ಕಾರಿ ಉದ್ಯೋಗ ಕಚೇರಿಯ ಭೇಟಿಗೆ ಅವರು ಹನ್ನೆರಡು ನಿಮಿಷ ತಡವಾಗಿ ಹೋಗಿದ್ದರು. ಅರ್ಧ ಗಂಟೆಗೊಂದು ಬಸ್ಸು, ಅವತ್ತು ಒಂದು ಬಸ್ಸು ಬರಲೇ ಇಲ್ಲ. ಮುಂದಿನದು ಹತ್ತಿ ಹೋದರು, ಕೊನೆಯ ಅರ್ಧ ಮೈಲಿ ಓಡಿದರು. ಬಾಗಿಲಲ್ಲಿ ಹೆಸರು ಹೇಳಿದಾಗ ನಿಮ್ಮ ಸಮಯ ಮುಗಿಯಿತು, ಬರಲಿಲ್ಲ ಎಂದು ದಾಖಲಾಗಿದೆ ಎಂಬ ಉತ್ತರ ಸಿಕ್ಕಿತು. ಇಷ್ಟು ಹೇಳಿ ಅವರು ಪೆಟ್ಟಿಗೆಯೊಳಗಿನ ಸಾಮಾನು ನೋಡುತ್ತ ಕೇಳಿದರು: ಒಲೆ ಹಚ್ಚದೆ ತಿನ್ನುವಂಥದ್ದು ಇದೆಯೇ?

ಇಂಥ ಪ್ರಶ್ನೆಗೆ ಅಲ್ಲಿ ಉತ್ತರ ಸಿದ್ಧವಾಗಿತ್ತು. ಕೆಟಲ್ ಬಾಕ್ಸ್ ಎಂದು ಬೇರೆಯೇ ಒಂದು ಪೆಟ್ಟಿಗೆ ಕಟ್ಟಿಡುತ್ತಾರೆ. ಬರೀ ಬಿಸಿನೀರು ಹಾಕಿದರೆ ಆಗುವ ಸೂಪಿನ ಪುಡಿ, ಲೋಟದ ನೂಡಲ್ಸ್, ಗಂಜಿಯ ಪೊಟ್ಟಣ, ಆಲೂಗೆಡ್ಡೆ ಪುಡಿ. ಅನೇಕ ಬಡವರ ಮನೆಗಳಲ್ಲಿ ಕರೆಂಟಿಗೆ ಮುಂಗಡ ಕಟ್ಟುವ ಮೀಟರ್ ಇರುತ್ತದೆ. ಅಂಗಡಿಗೆ ಹೋಗಿ ಕೀಲಿಗೋ ಕಾರ್ಡಿಗೋ ದುಡ್ಡು ತುಂಬಿಸಿ ತಂದರೆ ದೀಪ, ಇಲ್ಲದಿದ್ದರೆ ಕತ್ತಲು. ಕೆಟಲಿಗೂ ಕರೆಂಟಿಲ್ಲದವರಿಗೆಂದು ತಣ್ಣಗೆ ತಿನ್ನುವ ಇನ್ನೊಂದು ಪೆಟ್ಟಿಗೆಯೂ ಅಲ್ಲಿತ್ತು. ಆ ಎರಡು ಪೆಟ್ಟಿಗೆಗಳನ್ನು ಬೇರೆ ಬೇರೆ ಜೋಡಿಸುತ್ತಿದ್ದ ನನ್ನ ಕೈ ನಡುಗಿತು. ಜಗತ್ತಿನ ಸಿರಿವಂತ ದೇಶಗಳಲ್ಲೊಂದು ಅದು.

ಈ ದಂಡ ಹೇಗೆ ಬೀಳುತ್ತದೆ ಎಂದು ಆಮೇಲೆ ಕುಳಿತು ಓದಿಕೊಂಡೆ. ಹಳೆಯ ಕಸುಬಿನ ಅಭ್ಯಾಸ, ನಿಯಮ ನೋಡದೆ ಸಮಾಧಾನವಾಗುವುದಿಲ್ಲ. ಬ್ರಿಟನ್ನಿನಲ್ಲಿ ಕೆಲಸವಿಲ್ಲದವರಿಗೆ, ಕಡಿಮೆ ಆದಾಯದವರಿಗೆ ಈಗ ಸಿಗುವುದು ಯೂನಿವರ್ಸಲ್ ಕ್ರೆಡಿಟ್ ಎಂಬ ತಿಂಗಳ ಭತ್ಯೆ. 2013ರಲ್ಲಿ ಶುರುವಾದದ್ದು. ಅರ್ಜಿ ಹಾಕಿದವರು ಕ್ಲೇಮಂಟ್ ಕಮಿಟ್‌ಮೆಂಟ್ ಎಂಬ ಒಪ್ಪಂದ ಮಾಡಿಕೊಳ್ಳಬೇಕು: ಇಷ್ಟು ಹೊತ್ತು ಕೆಲಸ ಹುಡುಕುತ್ತೇನೆ, ಕರೆದಾಗ ಬರುತ್ತೇನೆ ಎಂದು. ವರ್ಕ್ ಕೋಚ್ ಎಂಬ ಅಧಿಕಾರಿಯನ್ನು ವಾರಕ್ಕೋ ಹದಿನೈದು ದಿನಕ್ಕೋ ಕಾಣಬೇಕು. ಆ ಭೇಟಿ ಎಷ್ಟು ಹೊತ್ತು? ಬಹಳ ಸಲ ಹತ್ತೇ ನಿಮಿಷ. ಅದಕ್ಕೆ ಹೋಗದಿದ್ದರೆ, ಅಥವಾ ಹೋದರೂ ಭಾಗವಹಿಸಲಿಲ್ಲ ಎಂದು ದಾಖಲಾದರೆ, ಕಡತ ಮತ್ತೊಬ್ಬ ನಿರ್ಣಯಾಧಿಕಾರಿಯ ಮೇಜಿಗೆ ಹೋಗುತ್ತದೆ. ಅವರು ನಮ್ಮ ಮುಖ ನೋಡುವುದಿಲ್ಲ. ತಡಕ್ಕೆ ಸಕಾರಣ ಇತ್ತೇ ಎಂದು ಕಾಗದದ ಮೇಲೆ ತೂಗುತ್ತಾರೆ. ಸಕಾರಣ ಎಂದರೆ ಏನು ಎಂದು ಕಾನೂನು ಬಿಡಿಸಿ ಹೇಳಿಲ್ಲ. ಒಬ್ಬರ ಕಣ್ಣಿಗೆ ಬಾರದ ಬಸ್ಸು ಸಕಾರಣ, ಇನ್ನೊಬ್ಬರ ಕಣ್ಣಿಗೆ ಹಿಂದಿನ ಬಸ್ಸು ಹಿಡಿಯದಿದ್ದದ್ದು ನಿಮ್ಮ ಅಜಾಗ್ರತೆ.

ಸಕಾರಣ ಇಲ್ಲವೆಂದಾದರೆ ಕಡಿತದ ಲೆಕ್ಕ ಹೀಗೆ ನಡೆಯುತ್ತದೆ. ಭೇಟಿ ತಪ್ಪಿದ ದಿನದಿಂದ ಮತ್ತೆ ಹೋಗಿ ಹಾಜರಾಗುವ ದಿನದವರೆಗೆ ಭತ್ಯೆ ಇಲ್ಲ. ಅದರ ಮೇಲೆ ಇನ್ನೂ ಏಳು ದಿನ ಇಲ್ಲ. ವರ್ಷದೊಳಗೆ ಎರಡನೇ ಸಲವಾದರೆ ಹದಿನಾಲ್ಕು ದಿನ, ಮೂರನೇ ಸಲ ಇಪ್ಪತ್ತೆಂಟು ದಿನ. ಈ ಹೆಂಗಸಿಗೆ ನಾಲ್ಕು ದಿನ ಬಿಟ್ಟು ಮತ್ತೊಂದು ಭೇಟಿ ಕೊಟ್ಟಿದ್ದರು. ನಾಲ್ಕು ಮತ್ತು ಏಳು, ಹನ್ನೊಂದು ದಿನ. ಆ ವರ್ಷ ಇಪ್ಪತ್ತೈದು ದಾಟಿದ ಒಂಟಿ ವ್ಯಕ್ತಿಗೆ ಮೂಲ ಭತ್ಯೆ ತಿಂಗಳಿಗೆ 393 ಪೌಂಡ್ 45 ಪೆನ್ಸ್, ದಿನಕ್ಕೆ ಹನ್ನೆರಡು ಪೌಂಡ್ ಚಿಲ್ಲರೆ. ಹನ್ನೊಂದು ದಿನಕ್ಕೆ ಸುಮಾರು 142 ಪೌಂಡ್ ಹೋಯಿತು. ಬಾಡಿಗೆಗೆ ಬರುವ ಹಣ ಮುಟ್ಟುವುದಿಲ್ಲ, ನಿಜ. ಅನ್ನ, ದೀಪ, ಬೆಚ್ಚಗಿರುವುದು, ಫೋನು, ಬಸ್ಸು, ಇಷ್ಟಕ್ಕೂ ಇರುವ ಹಣದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಾಯವಾಯಿತು.

393 ಪೌಂಡನ್ನು ರೂಪಾಯಿಗೆ ತಿರುಗಿಸಿ ನಲವತ್ತು ಸಾವಿರ ಎಂದು ಯಾರೂ ಬೆರಗಾಗಬೇಡಿ. ಅಲ್ಲಿ ಖರ್ಚು ಮಾಡುವುದು ಅಲ್ಲಿನ ಅಂಗಡಿಯಲ್ಲಿ. ಬಸ್ಸಿನದ್ದೇ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಒಂದು ಬಸ್ ಪ್ರಯಾಣಕ್ಕೆ ಎರಡು ಪೌಂಡಿಗಿಂತ ಹೆಚ್ಚು ಕೇಳಬಾರದೆಂದು ಸರ್ಕಾರ ಮಿತಿ ಹಾಕಿತ್ತು. 2025ರ ಜನವರಿಯಲ್ಲಿ ಅದನ್ನು ಮೂರಕ್ಕೆ ಏರಿಸಿದರು. ಹೋಗಿ ಬರಲು ಆರು ಪೌಂಡ್ ತೆರಬೇಕಾದೀತು. ದಿನಕ್ಕೆ ಹನ್ನೆರಡು ಪೌಂಡ್ ಚಿಲ್ಲರೆಯಲ್ಲಿ ಬದುಕುವವರು ಹತ್ತು ನಿಮಿಷದ ಭೇಟಿಗೆ ಅರ್ಧ ದಿನದ ಬದುಕನ್ನು ಬಸ್ಸಿಗೆ ಕೊಟ್ಟಂತಾಯಿತು.

ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ಹೊತ್ತಿಗೆ ಸರಿಯಾಗಿ ಹೋಗುವುದನ್ನು ನಾವು ಗುಣ ಎನ್ನುತ್ತೇವೆ, ಶಿಸ್ತು ಎನ್ನುತ್ತೇವೆ. ಅದು ಗುಣವೂ ಹೌದು. ಆದರೆ ಹೊತ್ತಿಗೆ ಸರಿಯಾಗಿ ಹೋಗಲು ದುಡ್ಡು ಬೇಕು. ಬಸ್ಸು ಕೈಕೊಟ್ಟರೆ ಆಟೋ ಹತ್ತುವವನಿಗೆ ಸಮಯ ಕೈಯಲ್ಲಿದೆ. ಮಗುವಿಗೆ ಜ್ವರ ಬಂದರೆ ನೋಡಿಕೊಳ್ಳಲು ಜನ ಇರುವವಳಿಗೆ ಸಮಯ ಕೈಯಲ್ಲಿದೆ. ಫೋನಿನಲ್ಲಿ ದುಡ್ಡಿದ್ದರೆ ದಾರಿಯಲ್ಲಿದ್ದೇನೆ ಎಂದು ಕರೆ ಮಾಡಿ ಹೇಳಬಹುದು. ಕೈ ಖಾಲಿಯಾದವರ ಬದುಕಿನಲ್ಲಿ ಇಂಥ ಯಾವ ಸಡಿಲವೂ ಇರುವುದಿಲ್ಲ, ಒಂದು ಕೊಂಡಿ ಕಳಚಿದರೆ ಇಡೀ ದಿನ ಕಳಚುತ್ತದೆ. ತಡವಾದದ್ದಕ್ಕೆ ಅಂಥವರಿಂದ ಹಣ ಕಿತ್ತುಕೊಂಡರೆ ಮುಂದಿನ ಸಲ ಹೊತ್ತಿಗೆ ಬರಲು ಇದ್ದ ಸಾಧನವನ್ನೇ ಕಿತ್ತುಕೊಂಡ ಹಾಗೆ.

ಇದು ಆ ದೇಶಕ್ಕೆ ಗೊತ್ತಿಲ್ಲದ ಸತ್ಯವೇನಲ್ಲ. ಲ್ಯಾಂಕಾಶೈರಿನ ಹತ್ತಿ ಗಿರಣಿಗಳ ಕಾಲದಲ್ಲಿ ಅನೇಕ ಕಾರ್ಮಿಕರ ಮನೆಗಳಲ್ಲಿ ಗಡಿಯಾರ ಇರುತ್ತಿರಲಿಲ್ಲ. ಕೊಳ್ಳುವ ಶಕ್ತಿ ಇರಲಿಲ್ಲ. ನಸುಕಿನಲ್ಲಿ ಉದ್ದನೆಯ ಕೋಲು ಹಿಡಿದು ಬೀದಿ ಬೀದಿ ಸುತ್ತಿ, ಮಹಡಿಯ ಕಿಟಕಿ ತಟ್ಟಿ ಎಬ್ಬಿಸುವವರಿದ್ದರು. ನಾಕರ್ ಅಪ್ ಎಂದು ಅವರಿಗೆ ಹೆಸರು. ವಾರಕ್ಕೆ ಕೆಲವು ಪೆನ್ನಿ ಅವರ ಕೂಲಿ, ಅದನ್ನು ಕಾರ್ಮಿಕರೇ ತಮ್ಮ ಸಂಬಳದಿಂದ ಕೊಡುತ್ತಿದ್ದರು. ಕೆಲಸಕ್ಕೆ ಹೊತ್ತಿಗೆ ಹೋಗಲು ಬಡವರು ಕೈಯಿಂದ ದುಡ್ಡು ಕೊಟ್ಟು ಸಮಯ ಕೊಂಡುಕೊಳ್ಳುತ್ತಿದ್ದ ಕಾಲ ಅದು. ಅಷ್ಟು ಮಾಡಿಯೂ ತಡವಾದರೆ ಗಿರಣಿಯ ಗೇಟು ಹಾಕುತ್ತಿದ್ದರು, ಕೂಲಿಯಲ್ಲಿ ದಂಡ ಮುರಿದುಕೊಳ್ಳುತ್ತಿದ್ದರು. ಆ ದಂಡಗಳ ಹಾವಳಿ ಮಿತಿಮೀರಿದಾಗ ಬ್ರಿಟಿಷ್ ಸಂಸತ್ತೇ ಮಧ್ಯೆ ಬಂತು. 1896ರ ಟ್ರಕ್ ಕಾಯ್ದೆ ಎಂಬ ಕೂಲಿ ಕಾನೂನು ಹೇಳಿದ್ದು ಇಷ್ಟು: ದಂಡ ಹಾಕುವುದಾದರೆ ಮೊದಲೇ ಕರಾರಿನಲ್ಲಿ ಇರಬೇಕು, ಮೊತ್ತ ನ್ಯಾಯವಾಗಿರಬೇಕು, ಆ ತಪ್ಪು ಮಾಲೀಕನಿಗೆ ನಷ್ಟವನ್ನೋ ಅವನ ಕೆಲಸಕ್ಕೆ ಅಡಚಣೆಯನ್ನೋ ತರುವಂಥದ್ದಾಗಿರಬೇಕು.

ಅದೇ ಬ್ರಿಟಿಷರ ಆಳ್ವಿಕೆಯಲ್ಲಿ ನಮ್ಮ ದೇಶಕ್ಕೆ 1936ರ ವೇತನ ಪಾವತಿ ಕಾಯ್ದೆ ಬಂತು. ನನ್ನ ನೌಕರಿಯ ಬಹುಪಾಲು ಆ ಕಾಯ್ದೆಯ ಜೊತೆಗೇ ಕಳೆಯಿತು. ಅದರ ಎಂಟನೆಯ ಸೆಕ್ಷನ್ ದಂಡದ್ದು. ಒಂದು ವೇತನ ಅವಧಿಯಲ್ಲಿ ಎಷ್ಟು ದಂಡ ಹಾಕಬಹುದಾಗಿತ್ತು? ಮೊದಲಿಗೆ ರೂಪಾಯಿಗೆ ಅರ್ಧ ಆಣೆ, ಆಮೇಲೆ ತಿದ್ದಿದ್ದು ಶೇಕಡ ಮೂರು. ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ. ದಂಡ ಹಾಕುವ ಮೊದಲು ಕಾರ್ಮಿಕನ ಮಾತು ಕೇಳಲೇಬೇಕಾಗಿತ್ತು. ಪ್ರತಿಯೊಂದು ದಂಡವನ್ನೂ ರಿಜಿಸ್ಟರಿನಲ್ಲಿ ಬರೆಯಬೇಕಾಗಿತ್ತು, ವಸೂಲಾದ ಹಣವನ್ನು ಕಾರ್ಮಿಕರ ಹಿತಕ್ಕೇ ಬಳಸಬೇಕಾಗಿತ್ತು. ಇನ್ನು ತಡವಾಗಿ ಬಂದವನ ಕೂಲಿ ಮುರಿಯುವುದು ಒಂಬತ್ತನೆಯ ಸೆಕ್ಷನ್. ಒಬ್ಬ ಕಾರ್ಮಿಕ ಎಷ್ಟು ಹೊತ್ತು ಇರಲಿಲ್ಲವೋ ಅಷ್ಟೇ ಹೊತ್ತಿನ ಕೂಲಿ ಮುರಿಯಬಹುದಾಗಿತ್ತು. ಅರ್ಧ ಗಂಟೆ ತಡಕ್ಕೆ ಅರ್ಧ ಗಂಟೆಯ ಕೂಲಿ.

ಒಮ್ಮೆ ಒಂದು ಸಣ್ಣ ಕಾರ್ಖಾನೆಯ ತಪಾಸಣೆಯಲ್ಲಿ ಹಾಜರಿ ಪುಸ್ತಕ ನೋಡುತ್ತಿದ್ದೆ. ಹತ್ತು ನಿಮಿಷ ತಡವಾದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಅರ್ಧ ದಿನ ಎಂದು ಬರೆದು ಕೂಲಿ ಮುರಿದಿದ್ದರು. ಆ ಕೆಂಪು ಶಾಯಿಯ ಸಾಲುಗಳನ್ನೆಲ್ಲ ಲೆಕ್ಕ ಹಾಕಿಸಿ, ಹೆಚ್ಚು ಮುರಿದದ್ದನ್ನು ವಾಪಸು ಕೊಡಿಸಿದೆವು. ದುಡ್ಡು ಎಣಿಸಿಕೊಂಡ ಒಬ್ಬ ಹುಡುಗಿ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಹತ್ತು ನಿಮಿಷಕ್ಕೆ ಅರ್ಧ ದಿನ ಮುರಿದದ್ದು ನಮ್ಮ ಕಾನೂನಿನ ಕಣ್ಣಿಗೆ ಅನ್ಯಾಯವಾಗಿತ್ತು. ಚರ್ಚಿನ ಹಾಲಿನಲ್ಲಿ ಆ ಹೆಂಗಸು ಹನ್ನೆರಡು ನಿಮಿಷಕ್ಕೆ ಹನ್ನೊಂದು ದಿನ ಎಂದಾಗ ನನಗೆ ನೆನಪಾದದ್ದು ಆ ಕೆಂಪು ಶಾಯಿ. ಮಾಲೀಕ ಮಾಡಬಾರದ್ದನ್ನು ಸರ್ಕಾರ ಹೇಗೆ ಮಾಡುತ್ತದೆ? ಭತ್ಯೆ ಕೂಲಿಯಲ್ಲ, ಹಾಗಾಗಿ ಕೂಲಿಯ ಕಾನೂನು ಅದಕ್ಕೆ ತಾಗುವುದಿಲ್ಲ ಎನ್ನಬಹುದು. ಆದರೆ ಭತ್ಯೆ ಪಡೆಯುವವರ ಕೈಯಲ್ಲಿ ಕೂಲಿಯೂ ಇಲ್ಲವಲ್ಲ. ದುಡಿಯುವವನಿಗೇ ಶೇಕಡ ಮೂರರ ಮಿತಿ ಇದ್ದರೆ ಏನೂ ಇಲ್ಲದವರಿಗೆ ಮಿತಿ ಇನ್ನೂ ಕೆಳಗಿರಬೇಕಾಗಿತ್ತು.

ಜಾಬ್‌ಸೆಂಟರಿನ ಹುಟ್ಟಿನ ಕಥೆಯನ್ನೂ ಇಲ್ಲಿ ನೆನೆಯಬೇಕು. 1910ರ ಫೆಬ್ರುವರಿ 1ರಂದು ಬ್ರಿಟನ್ನಿನಲ್ಲಿ ಸರ್ಕಾರಿ ಲೇಬರ್ ಎಕ್ಸ್‌ಚೇಂಜುಗಳು ಬಾಗಿಲು ತೆರೆದವು. ಆಗ ವ್ಯಾಪಾರ ಮಂಡಳಿಯ ಮುಖ್ಯಸ್ಥರಾಗಿದ್ದವರು ವಿನ್‌ಸ್ಟನ್ ಚರ್ಚಿಲ್, ಯೋಜನೆ ರೂಪಿಸಿದವರು ವಿಲಿಯಂ ಬೆವರಿಜ್. ಕೆಲಸವಿಲ್ಲದವನು ಗೇಟಿನಿಂದ ಗೇಟಿಗೆ ಚಪ್ಪಲಿ ಸವೆಸಿ ಅಲೆಯಬೇಕಾಗಿತ್ತು. ಅವನ ಆ ಅಲೆದಾಟ ತಪ್ಪಿಸಬೇಕು, ಕೆಲಸ ಎಲ್ಲಿದೆ ಎಂದು ಒಂದೇ ಕಡೆ ತಿಳಿಯಬೇಕು ಎಂಬುದು ಅದರ ಹಿಂದಿನ ಯೋಚನೆ. ಕೆಲಸ ಹುಡುಕುವವರ ಹೊತ್ತು ಉಳಿಸಲು ಹುಟ್ಟಿದ ಕಚೇರಿ ಅದು. ನಮ್ಮ ಉದ್ಯೋಗ ವಿನಿಮಯ ಕೇಂದ್ರಗಳಿಗೂ ಹೆಸರು ಬಂದದ್ದು ಅಲ್ಲಿಂದಲೇ.

ನಡುವೆ ಹಲವು ಏರಿಳಿತಗಳಾದವು. ಈಗಿನ ಬಿಗಿ ಬಂದದ್ದು 2012ರ ಕಲ್ಯಾಣ ಸುಧಾರಣಾ ಕಾಯ್ದೆಯಿಂದ. ಅದೇ ವರ್ಷದ ಅಕ್ಟೋಬರಿನಿಂದ, ಯೂನಿವರ್ಸಲ್ ಕ್ರೆಡಿಟಿಗೆ ಮೊದಲಿದ್ದ ನಿರುದ್ಯೋಗ ಭತ್ಯೆಯಲ್ಲಿ, ಭೇಟಿ ತಪ್ಪಿಸಿದರೆ ಮೊದಲ ಸಲಕ್ಕೇ ನಾಲ್ಕು ವಾರ ಭತ್ಯೆ ಇಲ್ಲ, ಎರಡನೇ ಸಲ ಹದಿಮೂರು ವಾರ. ದೊಡ್ಡ ತಪ್ಪು ಎಂದು ಪಟ್ಟಿ ಮಾಡಿದವುಗಳಿಗೆ ಮೂರು ವರ್ಷದವರೆಗೂ ಇಲ್ಲ. ಆ ಮೂರು ವರ್ಷದ ಶಿಕ್ಷೆಯನ್ನು 2019ರಲ್ಲಿ ಸರ್ಕಾರವೇ ಕೈಬಿಟ್ಟು ಆರು ತಿಂಗಳಿಗೆ ಇಳಿಸಿತು. ಬಿಗಿಯ ಆ ಮೊದಲ ವರ್ಷಗಳಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಡೇವಿಡ್ ವೆಬ್‌ಸ್ಟರ್ ಅವರು ಒಂದು ಲೆಕ್ಕವನ್ನು ದೇಶದ ಮುಂದಿಟ್ಟರು. ಕೆಳ ನ್ಯಾಯಾಲಯಗಳು ಒಂದು ವರ್ಷದಲ್ಲಿ ಹಾಕಿದ ಜುಲ್ಮಾನೆಗಳಿಗಿಂತ ಜಾಬ್‌ಸೆಂಟರುಗಳ ದಂಡಗಳೇ ಹೆಚ್ಚಾಗಿದ್ದವು. ಕೋರ್ಟಿನಲ್ಲಾದರೆ ಕಟಕಟೆಯಲ್ಲಿ ನಿಂತು ಮಾತಾಡಬಹುದು, ತೀರ್ಪು ಬರುವವರೆಗೆ ಜೇಬಿಗೆ ಕೈ ಹಾಕುವುದಿಲ್ಲ. ಇಲ್ಲಿ ಮೊದಲು ಹಣ ನಿಲ್ಲುತ್ತದೆ. ಆಮೇಲೆ ಮರುಪರಿಶೀಲನೆಗೆ ಅರ್ಜಿ, ಅದೂ ಆಗದಿದ್ದರೆ ನ್ಯಾಯಮಂಡಳಿ. ಗೆದ್ದರೆ ಹಣ ವಾಪಸು ಬರುತ್ತದೆ. ಹಸಿದಿದ್ದ ದಿನಗಳು ವಾಪಸು ಬರುವುದಿಲ್ಲ. ತೀರಾ ಕಷ್ಟವಾದವರು ಹಾರ್ಡ್‌ಶಿಪ್ ಹಣ ಕೇಳಬಹುದು, ಕಡಿತವಾದದ್ದರಲ್ಲಿ ಶೇಕಡ ಅರವತ್ತು. ಯೂನಿವರ್ಸಲ್ ಕ್ರೆಡಿಟಿನಲ್ಲಿ ಅದು ಸಾಲ. ಮುಂದಿನ ತಿಂಗಳುಗಳ ಭತ್ಯೆಯಿಂದ ಮುರಿದುಕೊಳ್ಳುತ್ತಾರೆ.

ಈಗಲೂ ಯೂನಿವರ್ಸಲ್ ಕ್ರೆಡಿಟಿನ ದಂಡಗಳಲ್ಲಿ ಹತ್ತಕ್ಕೆ ಒಂಬತ್ತು ಬೀಳುವುದು ಭೇಟಿ ತಪ್ಪಿದ ಕಾರಣಕ್ಕೆ. ಕೆಲಸ ಬೇಡವೆಂದು ಕುಳಿತವರಿಗೆ ಬೀಳುವುದು ಬಹಳ ಕಡಿಮೆ. ಈ ಲೆಕ್ಕ ನನ್ನನ್ನು ಬಹಳ ದಿನ ಕಾಡಿತು. ಸೋಮಾರಿಗಳನ್ನು ಎಬ್ಬಿಸಲು ಎಂದು ಹೇಳಿ ತಂದ ಕೋಲು ಬಹುಪಾಲು ಬೀಳುತ್ತಿರುವುದು ಗಡಿಯಾರ ತಪ್ಪಿದವರ, ಪತ್ರ ತಲುಪದವರ, ದಿನ ಮರೆತವರ ಮೇಲೆ. ಸರ್ಕಾರವೇ ನೇಮಿಸಿದ ಮ್ಯಾಥ್ಯೂ ಓಕ್ಲಿ ಅವರ 2014ರ ಪರಿಶೀಲನಾ ವರದಿಯೂ ಭತ್ಯೆ ಕೊಡುವ ಇಲಾಖೆಯ ಪತ್ರಗಳ ಭಾಷೆ ಜನಕ್ಕೆ ಅರ್ಥವಾಗುವುದಿಲ್ಲ ಎಂದು ಹೇಳಿತ್ತು. ಇನ್ನು 2017ರಲ್ಲಿ ಗ್ಲಾಸ್ಗೋ ನಗರದ ಹದಿನಾರು ಜಾಬ್‌ಸೆಂಟರುಗಳಲ್ಲಿ ಆರನ್ನು ಮುಚ್ಚುವ ತೀರ್ಮಾನವಾಯಿತು. ಕಚೇರಿ ದೂರ ಹೋಯಿತು, ಬಸ್ಸು ಎರಡಾಯಿತು. ದಂಡದ ನಿಯಮ ಮಾತ್ರ ಇದ್ದ ಹಾಗೇ ಇತ್ತು.

ಕೆನ್ ಲೋಚ್ ಅವರ ಐ, ಡೇನಿಯಲ್ ಬ್ಲೇಕ್ ಸಿನಿಮಾ ನಿಮ್ಮಲ್ಲಿ ಕೆಲವರು ನೋಡಿರಬಹುದು. 2016ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರ. ಲಂಡನ್ನಿನಿಂದ ಎರಡು ಮಕ್ಕಳನ್ನು ಕಟ್ಟಿಕೊಂಡು ನ್ಯೂಕ್ಯಾಸಲಿಗೆ ಬಂದ ಕೇಟಿ ಎಂಬ ಯುವತಿ ಹೊಸ ಊರಿನಲ್ಲಿ ತಪ್ಪು ಬಸ್ಸು ಹತ್ತಿ ಜಾಬ್‌ಸೆಂಟರಿಗೆ ತಡವಾಗಿ ಬರುತ್ತಾಳೆ. ಅಧಿಕಾರಿ ಒಪ್ಪುವುದಿಲ್ಲ. ಹೃದಯಾಘಾತವಾಗಿ ಕೆಲಸ ಬಿಟ್ಟ ಮುದಿ ಬಡಗಿ ಡೇನಿಯಲ್ ಅವಳ ಪರವಾಗಿ ದನಿ ಎತ್ತುತ್ತಾನೆ, ಇಬ್ಬರನ್ನೂ ಹೊರಗೆ ಕಳಿಸುತ್ತಾರೆ. ಮುಂದೆ ಫುಡ್ ಬ್ಯಾಂಕಿನ ದೃಶ್ಯ ಬರುತ್ತದೆ. ಮಕ್ಕಳಿಗೆ ಉಣಿಸಿ ತಾನು ಉಪವಾಸವಿದ್ದ ಕೇಟಿ ಕಪಾಟಿನ ಪಕ್ಕದಲ್ಲೇ ಒಂದು ಡಬ್ಬಿ ತೆರೆದು ಕೈಯಿಂದ ಬಾಯಿಗೆ ಸುರಿದುಕೊಳ್ಳುತ್ತಾಳೆ. ಕೂಡಲೇ ನಾಚಿಕೆಯಿಂದ ಕುಸಿಯುತ್ತಾಳೆ. ಬೆಂಗಳೂರಿನಲ್ಲಿ ಆ ಚಿತ್ರ ನೋಡಿದಾಗ ಸ್ವಲ್ಪ ಹೆಚ್ಚು ಮಾಡಿದ್ದಾರೆ ಎಂದುಕೊಂಡಿದ್ದೆ. ಕೆಟಲ್ ಬಾಕ್ಸ್ ಕಟ್ಟಿದ ಮೇಲೆ ಆ ಮಾತು ವಾಪಸು ತೆಗೆದುಕೊಂಡೆ.

ಸಿನಿಮಾಕ್ಕೂ ಮೂರು ವರ್ಷ ಮೊದಲು, 2013ರ ಜುಲೈನಲ್ಲಿ, ಸ್ಟೀವನೇಜ್ ಪಟ್ಟಣದಲ್ಲಿ ಒಬ್ಬ ಮಾಜಿ ಸೈನಿಕರು ತಮ್ಮ ಮನೆಯಲ್ಲಿ ಸತ್ತು ಬಿದ್ದಿದ್ದರು. ಐವತ್ತೊಂಬತ್ತು ವಯಸ್ಸು. ತಾಯಿಯ ಆರೈಕೆ ಮಾಡಿದ್ದವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದವರು. ಭೇಟಿ ತಪ್ಪಿದ್ದಕ್ಕೆ ವಾರಕ್ಕೆ 71 ಪೌಂಡ್ 70 ಪೆನ್ಸಿನ ಭತ್ಯೆ ನಿಂತಿತ್ತು. ಮೀಟರಿನಲ್ಲಿ ಹಣ ಮುಗಿದು ಕರೆಂಟ್ ಹೋಗಿತ್ತು, ಕರೆಂಟ್ ಇಲ್ಲದೆ ಇನ್ಸುಲಿನ್ ಇಟ್ಟ ಫ್ರಿಜ್ ನಿಂತಿತ್ತು. ಬ್ಯಾಂಕಿನಲ್ಲಿ ಉಳಿದದ್ದು 3 ಪೌಂಡ್ 44 ಪೆನ್ಸ್. ಹೊಟ್ಟೆಯಲ್ಲಿ ಅನ್ನವಿರಲಿಲ್ಲ. ಹತ್ತಿರದಲ್ಲಿ ಅವರು ಕೆಲಸಕ್ಕಾಗಿ ಸಿದ್ಧ ಮಾಡಿಟ್ಟಿದ್ದ ಬಯೋಡೇಟಾಗಳ ಕಟ್ಟು ಇತ್ತು. ಅವರ ಸೋದರಿ ವರ್ಷಗಟ್ಟಲೆ ನ್ಯಾಯ ಕೇಳುತ್ತ ಓಡಾಡಿದರು. ಬೆನ್ನಿಗೆ ಹೊಡೆದರೂ ಹೊಟ್ಟೆಗೆ ಹೊಡೆಯಬೇಡ ಎಂದು ನಮ್ಮ ಹಿರಿಯರು ಹೇಳುವುದು ಬರೀ ಮಾತಿನ ಅಂದಕ್ಕಲ್ಲ.

ದಂಡದ ಪರವಾಗಿ ಮಾತಾಡುವವರನ್ನೂ ಕೇಳೋಣ. ತೆರಿಗೆ ಕಟ್ಟುವವರ ಹಣ ಇದು, ಪಡೆಯುವವರಿಗೂ ಒಂದು ಜವಾಬ್ದಾರಿ ಬೇಡವೇ? ಮುಂದೆ ಕೆಲಸ ಸಿಕ್ಕರೆ ಮಾಲೀಕ ತಡ ಸಹಿಸುತ್ತಾನೆಯೇ? ಈ ಪ್ರಶ್ನೆಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ವರ್ಕ್ ಕೋಚುಗಳ ಕಷ್ಟವೂ ದೊಡ್ಡದು. ಹತ್ತು ಹತ್ತು ನಿಮಿಷದ ಭೇಟಿಗಳು ಬೆಳಗಿನಿಂದ ಸಂಜೆಯವರೆಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಬ್ಬರು ತಡವಾದರೆ ಹಿಂದಿನ ಐದು ಜನ ಕಾಯಬೇಕು. ತಡಕ್ಕೆ ಏನೂ ಆಗಬಾರದು ಎಂದು ನಾನು ಹೇಳುತ್ತಿಲ್ಲ. ಸರದಿಯ ಕೊನೆಗೆ ಕೂರಿಸಲಿ, ಸಂಜೆ ಬಾ ಎನ್ನಲಿ, ಮೊದಲ ಸಲ ಎಚ್ಚರಿಕೆಯ ಪತ್ರ ಕೊಡಲಿ. ತಡ ಮಾಡಿದ ನೌಕರನಿಗೆ ಮಾಲೀಕ ಮಾಡುವುದೂ ಅಷ್ಟೇ.

ಮತ್ತೆ, ದಂಡದಿಂದ ಕೆಲಸ ಸಿಗುತ್ತದೆಯೇ? ಕೆಲವು ದೇಶಗಳ ಅಧ್ಯಯನಗಳಲ್ಲಿ ದಂಡದ ಭಯಕ್ಕೆ ಜನ ಬೇಗ ಭತ್ಯೆ ಬಿಟ್ಟದ್ದುಂಟು, ಬಿಟ್ಟವರು ಹಿಡಿದ ಕೆಲಸ ಕಡಿಮೆ ಸಂಬಳದ್ದು, ಬೇಗ ಕೈಬಿಡುವಂಥದ್ದು ಎಂಬ ಮಾತೂ ಜೊತೆಗಿದೆ. ಬ್ರಿಟನ್ನಿನಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ಮುಂದಾಳುತನದಲ್ಲಿ ಐದು ವರ್ಷ ನಡೆದ ಅಧ್ಯಯನ 481 ಜನರನ್ನು ಮತ್ತೆ ಮತ್ತೆ ಮಾತಾಡಿಸಿ 2018ರಲ್ಲಿ ಹೇಳಿತು: ದಂಡ ಜನರನ್ನು ಕೆಲಸಕ್ಕೆ ಹಚ್ಚುವುದರಲ್ಲಿ ಸೋತಿದೆ. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2016ರಲ್ಲೇ ಯಾವ ಕಚೇರಿಗೆ ಸೇರಿದ್ದೀರಿ ಎಂಬುದರ ಮೇಲೆ ದಂಡ ಬೀಳುವ ಸಾಧ್ಯತೆ ಬದಲಾಗುತ್ತದೆ ಎಂದು ತೋರಿಸಿತ್ತು. ಕೊನೆಗೆ 2023ರ ಏಪ್ರಿಲಿನಲ್ಲಿ ಭತ್ಯೆ ಕೊಡುವ ಇಲಾಖೆಯ ಸ್ವಂತ ಅಧ್ಯಯನವೇ ಹೊರಬಂತು. ಬಹಳ ಕಾಲ ಮುಚ್ಚಿಟ್ಟಿದ್ದ ವರದಿ ಅದು. ದಂಡ ಬಿದ್ದವರು ಕೆಲಸಕ್ಕೆ ಸೇರುವುದು ಇನ್ನೂ ನಿಧಾನ, ಸೇರಿದರೂ ಗಳಿಕೆ ಕಡಿಮೆ ಎಂಬುದು ಅದರ ತೀರ್ಮಾನ. ನಡುವೆ 2015ರಲ್ಲಿ ಒಂದು ಕರಪತ್ರದ ಸಂಗತಿಯೂ ಬಯಲಾಗಿತ್ತು. ದಂಡದಿಂದ ತನಗೆ ಒಳ್ಳೆಯದೇ ಆಯಿತು ಎಂದು ಸಾರಾ ಎಂಬ ಯುವತಿ ಹೇಳಿದ ಹಾಗೆ ಫೋಟೋ ಸಹಿತ ಅಚ್ಚಾಗಿತ್ತು. ಅಂಥ ಸಾರಾ ಇರಲೇ ಇಲ್ಲ, ಕಲ್ಪಿತ ಪಾತ್ರ ಎಂದು ಇಲಾಖೆ ಒಪ್ಪಿಕೊಳ್ಳಬೇಕಾಯಿತು.

ಜರ್ಮನಿಯಲ್ಲೂ ಇಂಥದ್ದೇ ಜಗಳ ನಡೆಯಿತು. ಗೋಥಾ ಎಂಬ ಊರಿನ ಸಾಮಾಜಿಕ ನ್ಯಾಯಾಲಯ ಪ್ರಶ್ನೆಯನ್ನು ಸಂವಿಧಾನ ನ್ಯಾಯಾಲಯಕ್ಕೆ ಕಳಿಸಿತು. 2019ರ ನವೆಂಬರ್ 5ರಂದು ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿತು: ಷರತ್ತು ಹಾಕಬಹುದು, ಆದರೆ ಬದುಕಲು ಬೇಕಾದ ಕನಿಷ್ಠ ಹಣದಲ್ಲಿ ಶೇಕಡ ಅರವತ್ತು, ನೂರು ಎಂದು ಕಡಿಯುವುದು ಮನುಷ್ಯನ ಘನತೆಗೆ ವಿರುದ್ಧ, ಮೂವತ್ತನ್ನು ದಾಟಬಾರದು. ಭೇಟಿ ತಪ್ಪಿದ್ದಕ್ಕೆ ಅಲ್ಲಿ 2023ರಿಂದ ಇದ್ದ ನಿಯಮ ಒಂದು ತಿಂಗಳು ಶೇಕಡ ಹತ್ತು. ಆಮೇಲೆ ಅಲ್ಲಿಯ ಸರ್ಕಾರವೂ ಬಿಗಿ ಮಾಡಲು ಹೊರಟಿತು, ಅದು ಬೇರೆ ಮಾತು. ಆದರೂ ಮಿತಿ ಎಂಬುದೊಂದಿದೆ ಎಂದು ಕೋರ್ಟು ಹೇಳಿದೆಯಲ್ಲ.

ಈ ಪ್ರಶ್ನೆ ನಮಗೂ ದೂರದ್ದಲ್ಲ. ನಮ್ಮ ರಾಜ್ಯದಲ್ಲಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿತು. ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಇನ್ನೂ ಕೆಲಸ ಸಿಕ್ಕಿಲ್ಲ ಎಂದು ಸ್ವಯಂ ಘೋಷಣೆ ಕೊಡುತ್ತಿರಬೇಕು. ನಿರುದ್ಯೋಗಕ್ಕೆ ಭತ್ಯೆ ಎಂಬುದು ನಮಗೆ ಹೊಸದು, ಅದರ ಷರತ್ತುಗಳನ್ನು ಬರೆಯುವ ಕೈಗಳೂ ಹೊಸವು. ಆ ಕಡತ ನೋಡುವ ನನ್ನ ಕಿರಿಯ ಸಹೋದ್ಯೋಗಿಗಳು ಈ ಮಾತು ಕೇಳುತ್ತಿದ್ದರೆ ಅವರಲ್ಲಿ ಒಂದು ಬೇಡಿಕೆ. ಘೋಷಣೆ ತಡವಾದವನ ಹಣ ನಿಲ್ಲಿಸುವ ಮೊದಲು ಹಳೆಯ ವೇತನ ಪಾವತಿ ಕಾಯ್ದೆಯ ಎಂಟು, ಒಂಬತ್ತನೆಯ ಸೆಕ್ಷನ್ನುಗಳನ್ನು ಒಮ್ಮೆ ತೆಗೆದು ಓದಿ. ಆ ಶೇಕಡ ಮೂರರ ಮಿತಿ ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಉಳಿದುಕೊಂಡಿದೆ.

ಊರಿಗೆ ಹೊರಡುವ ವಾರ ಮಗಳ ಜೊತೆ ಪೇಟೆಗೆ ಹೋಗಿದ್ದೆ. ಸಣ್ಣಗೆ ಮಳೆ, ಗಾಳಿ. ಜಾಬ್‌ಸೆಂಟರಿನ ಎದುರಿನ ಅಂಗಡಿಯ ಸೂರಿನ ಕೆಳಗೆ ಆ ಹೆಂಗಸು ನಿಂತಿದ್ದರು. ಗುರುತು ಹಿಡಿದು ನಕ್ಕರು. ಭೇಟಿ ಎಷ್ಟು ಹೊತ್ತಿಗೆ ಎಂದು ಮಗಳು ಕೇಳಿದಳು. ಹನ್ನೊಂದೂವರೆಗೆ. ಆಗ ಇನ್ನೂ ಹತ್ತೂ ಕಾಲು. ಎರಡು ಬಸ್ಸು ಮುಂಚೆಯೇ ಹೊರಟಿದ್ದರಂತೆ. ಅಷ್ಟು ಮುಂಚೆ ಬಂದವರನ್ನು ಒಳಗೆ ಬಿಡುವುದಿಲ್ಲ, ಹೊತ್ತಾದ ಮೇಲೆ ಬನ್ನಿ ಎಂದು ಬಾಗಿಲಲ್ಲಿ ಹೇಳಿ ಕಳಿಸಿದ್ದರು. ಎದುರಿನ ಕಾಫಿ ಅಂಗಡಿಯಲ್ಲಿ ಕೂರೋಣ ಬನ್ನಿ ಎಂದು ಕರೆದೆವು. ಅವರು ಜಾಬ್‌ಸೆಂಟರಿನ ಬಾಗಿಲನ್ನು ನೋಡಿ, ಕೈಗಡಿಯಾರ ನೋಡಿ, ಬೇಡ, ಒಳಗೆ ಕೂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ, ನಾನು ಇಲ್ಲೇ ನಿಂತಿರುತ್ತೇನೆ ಎಂದರು.